ತುಂಬಿದ ಬಸ್ಸಿಗೂ ಖಾಲಿ ಬಸ್ಸಿಗೂ ಒಂದೇ ಫ್ರೀಕ್ವೆನ್ಸಿ: ನನ್ನ ಏರ್ ಸಸ್ಪೆನ್ಷನ್ ಮಾದರಿಯಲ್ಲಿ ಎಲ್ಲಿ ತಪ್ಪಿದೆ?

ಹೊಸಹಾದಿ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಕೊನೆಯ ವರ್ಷದಲ್ಲಿದ್ದೇನೆ, ಹುಬ್ಬಳ್ಳಿಯಲ್ಲಿ. ಬಸ್ಸಿನ ಹಿಂದಿನ ಆಕ್ಸಲ್‌ನ ಏರ್ ಸಸ್ಪೆನ್ಷನ್ನನ್ನು ಪೈಥಾನ್‌ನಲ್ಲಿ ಸಿಮ್ಯುಲೇಟ್ ಮಾಡುತ್ತಿದ್ದೇನೆ. ಆಕ್ಸಲ್ಲಿಗೆ ನಾಲ್ಕು ಬೆಲ್ಲೋ (ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲ). ಒಂದೊಂದಕ್ಕೂ ಪರಿಣಾಮಕಾರಿ ವಿಸ್ತೀರ್ಣ 0.05 ಚದರ ಮೀಟರ್, ಒಳಗಿನ ಗಾಳಿ 15 ಲೀಟರ್, ಪಾಲಿಟ್ರಾಪಿಕ್ ಘಾತ (ಹಿಂಡಿದಾಗ ಒತ್ತಡ ಎಷ್ಟು ಚುರುಕಾಗಿ ಏರುತ್ತದೆ ಎಂದು ಹೇಳುವ ಸಂಖ್ಯೆ) 1.3 ಎಂದು ಇಟ್ಟುಕೊಂಡಿದ್ದೇನೆ. ಬಸ್ಸು ತುಂಬಿದಾಗ ಒಂದು ಬೆಲ್ಲೋ ಮೇಲೆ 2,500 ಕಿಲೋ, ಖಾಲಿಯಿದ್ದಾಗ 1,500 ಕಿಲೋ.

ತೊಂದರೆ ಮೂರು ಇವೆ.

ಮೊದಲನೆಯದು: ಎರಡೂ ಸ್ಥಿತಿಯಲ್ಲಿ ಬಾಡಿ ಕುಣಿಯುವ ಫ್ರೀಕ್ವೆನ್ಸಿ 1.04 ಹರ್ಟ್ಸ್ ಬರುತ್ತಿದೆ. ಭಾರ ಬದಲಾದರೂ ಏರ್ ಸ್ಪ್ರಿಂಗಿನ ಫ್ರೀಕ್ವೆನ್ಸಿ ಬದಲಾಗುವುದಿಲ್ಲ ಎಂದು ಓದಿದ್ದೆ, ಹಾಗಾಗಿ ಖುಷಿಯಾಗಿದ್ದೆ. ಆದರೆ ಅನುಮತಿ ಪಡೆದು ಒಂದು ಖಾಲಿ ಬಸ್ಸಿನ ಹಿಂದಿನ ಚಕ್ರಗಳನ್ನು ಹಲಗೆಯ ಮೇಲಿಂದ ಇಳಿಸಿ, ಫೋನಿನಲ್ಲಿ ಫೈಫಾಕ್ಸ್ ಆ್ಯಪ್ ಹಾಕಿ ಅಳೆದಾಗ 1.26 ಬಂತು. ನಮ್ಮ ಗೈಡ್ ಮೇಡಂ ಕೇಳಿದ ಪ್ರಶ್ನೆ ಒಂದೇ: "ಮೂರನೇ ದಶಮಾಂಶದವರೆಗೂ ಒಂದೇ ಸಂಖ್ಯೆ ಹೇಗೆ ಬಂತು?" ಉತ್ತರ ನನ್ನ ಹತ್ತಿರ ಇರಲಿಲ್ಲ.

ಎರಡನೆಯದು: ಬಾಡಿಯ ಎತ್ತರ ಕಾಯಲು ಗಾಳಿ ತುಂಬುವ, ಬಿಡುವ ಲೆವೆಲಿಂಗ್ ವಾಲ್ವ್ ಸೇರಿಸಿದ ಕೂಡಲೇ ಬಾಡಿ ಮೇಲೆ ಕೆಳಗೆ ತೂಗಲು ಶುರುಮಾಡುತ್ತದೆ, ನಿಲ್ಲುವುದೇ ಇಲ್ಲ.

ಮೂರನೆಯದು: ಬಸ್ಸು ಸರಿಯಾದ ಎತ್ತರಕ್ಕೆ ಬರುವ ಹೊತ್ತಿಗೆ ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ತೆವಳತೊಡಗುತ್ತದೆ. ಹತ್ತು ಸೆಕೆಂಡಿನ ಚಲನೆಗೆ ಅರ್ಧ ಗಂಟೆ ಬೇಕಾಗುತ್ತಿದೆ.

ಎಲ್ಲಿಂದ ಶುರು ಮಾಡಲಿ?

ಕಡಲತಡಿ | ಸೋಮವಾರ, ರಾತ್ರಿ 10.25

ನಿಮ್ಮ ಮೇಡಂ ಕೇಳಿದ ಪ್ರಶ್ನೆಯಲ್ಲೇ ಉತ್ತರವೂ ಇದೆ. ನೀವು ಬಿಗಿತದ ಸೂತ್ರಕ್ಕೆ ಗೇಜ್ ಒತ್ತಡ (ವಾತಾವರಣಕ್ಕಿಂತ ಹೆಚ್ಚಿರುವಷ್ಟು ಒತ್ತಡ) ಹಾಕಿದ್ದೀರಿ.

ಬೆಲ್ಲೋ ಹೊರುವ ಭಾರ = ಗೇಜ್ ಒತ್ತಡ × ವಿಸ್ತೀರ್ಣ. ಇಲ್ಲಿ ಗೇಜೇ ಸರಿ, ಏಕೆಂದರೆ ಹೊರಗಿನ ಗಾಳಿಯೂ ಆ ಕಡೆಯಿಂದ ಒತ್ತುತ್ತಿರುತ್ತದೆ. ಬಿಗಿತ ಮಾತ್ರ ಬೇರೆ: ಘಾತ × ಆಬ್ಸಲ್ಯೂಟ್ ಒತ್ತಡ (ಗೇಜ್ + ವಾತಾವರಣ) × ವಿಸ್ತೀರ್ಣದ ವರ್ಗ ÷ ಗಾತ್ರ. ಹಿಂಡಿದಾಗ ಒತ್ತಡ ಏರುವುದು ಒಳಗಿರುವ ಗಾಳಿ ಎಷ್ಟಿದೆ ಎನ್ನುವುದರ ಮೇಲೆ. ಆ ಗಾಳಿಗೆ ಹೊರಗಿನ ವಾತಾವರಣದ ಗೊಡವೆಯಿಲ್ಲ.

ಬಿಗಿತಕ್ಕೂ ಗೇಜ್ ಹಾಕಿದರೆ ಏನಾಗುತ್ತದೆ ನೋಡಿ. ಗೇಜ್ ಒತ್ತಡ × ವಿಸ್ತೀರ್ಣ ಎಂದರೆ ದ್ರವ್ಯರಾಶಿ × ಗುರುತ್ವ. ಬಿಗಿತವನ್ನು ದ್ರವ್ಯರಾಶಿಯಿಂದ ಭಾಗಿಸಿದಾಗ ದ್ರವ್ಯರಾಶಿ ಪೂರ್ತಿ ಹೊಡೆದುಹೋಗಿ ಘಾತ × ಗುರುತ್ವ × ವಿಸ್ತೀರ್ಣ ÷ ಗಾತ್ರ ಮಾತ್ರ ಉಳಿಯುತ್ತದೆ. ಬಸ್ಸಿನಲ್ಲಿ ಒಬ್ಬರಿರಲಿ, ಅರವತ್ತು ಮಂದಿ ಇರಲಿ, ಅದೇ 1.04. ಹಾಗೆ ಚೂರೂ ಬದಲಾಗದ ಸಂಖ್ಯೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ವಾತಾವರಣಕ್ಕೆ 100 ಕಿಲೋಪಾಸ್ಕಲ್ ಸೇರಿಸಿ ಲೆಕ್ಕ ಹಾಕಿದೆ. ತುಂಬಿದ ಬಸ್ಸು: ಗೇಜ್ 490, ಆಬ್ಸಲ್ಯೂಟ್ 590, ಫ್ರೀಕ್ವೆನ್ಸಿ 1.14 ಹರ್ಟ್ಸ್. ಖಾಲಿ ಬಸ್ಸು: ಗೇಜ್ 294, ಆಬ್ಸಲ್ಯೂಟ್ 394, ಫ್ರೀಕ್ವೆನ್ಸಿ 1.20. ಖಾಲಿಯಾದಾಗ ಸ್ವಲ್ಪ ಏರುತ್ತದೆ, ಏರಲೇಬೇಕು. ಇದನ್ನೇ ಲೀಫ್ ಸ್ಪ್ರಿಂಗಿನ ಜತೆ ಇಟ್ಟು ನೋಡಿ. ಅಲ್ಲಿ ಬಿಗಿತ ಬದಲಾಗುವುದಿಲ್ಲ, ಹಾಗಾಗಿ 2,500ರಿಂದ 1,500ಕ್ಕೆ ಇಳಿದರೆ ಫ್ರೀಕ್ವೆನ್ಸಿ 29 ಶೇಕಡಾ ಏರುತ್ತದೆ. ಏರ್ ಸ್ಪ್ರಿಂಗಿನಲ್ಲಿ 5 ಶೇಕಡಾ ಅಷ್ಟೇ. ಖಾಲಿ ಲಾರಿ ಯಾಕೆ ಅಷ್ಟು ಕುಕ್ಕುತ್ತದೆ, ಏರ್ ಸಸ್ಪೆನ್ಷನ್ ಬಸ್ಸು ಯಾಕೆ ಕುಕ್ಕುವುದಿಲ್ಲ ಎಂಬುದಕ್ಕೆ ಇದು ಕಾರಣ.

ಮಲೆನಾಡಮಳೆ | ಮಂಗಳವಾರ, ಬೆಳಗ್ಗೆ 6.50

ಕಡಲತಡಿಯವರು ಹೇಳಿದ್ದು ಸರಿ. ಉಳಿದ ವ್ಯತ್ಯಾಸ 1.20ರಿಂದ 1.26. ಅದರಲ್ಲಿ ಒಂದು ಪಾಲು 1.3 ಎಂಬ ಘಾತದ್ದು. ನಿಧಾನವಾಗಿ ಹಿಂಡಿದರೆ ಶಾಖ ಹೊರಗೆ ಹೋಗಲು ಸಮಯವಿರುತ್ತದೆ, ಘಾತ 1ರ ಹತ್ತಿರ. ಬೇಗ ಹಿಂಡಿದರೆ 1.4ರ ಹತ್ತಿರ. ಬಾಡಿ ಸೆಕೆಂಡಿಗೊಮ್ಮೆ ಕುಣಿಯುವ ವೇಗದಲ್ಲಿ ರಬ್ಬರ್ ಗೋಡೆಯ ಮೂಲಕ ಹೆಚ್ಚೇನೂ ಶಾಖ ಹೋಗುವುದಿಲ್ಲ. 1.38 ಹಾಕಿದರೆ ಖಾಲಿ ಬಸ್ಸು 1.24ಕ್ಕೆ ಬರುತ್ತದೆ.

ಇನ್ನೊಂದು ಪಾಲು ಬೆಲ್ಲೋ ಆಕಾರದ್ದು. ಸೂತ್ರದಲ್ಲಿ ಎರಡನೆಯ ಪದವೊಂದಿದೆ: ಗೇಜ್ ಒತ್ತಡ × ಎತ್ತರದ ಜತೆ ವಿಸ್ತೀರ್ಣ ಬದಲಾಗುವ ದರ. ಈ ಪದದಲ್ಲಿ ಗೇಜೇ ಬರಬೇಕು. ರೋಲಿಂಗ್ ಲೋಬ್ ಬೆಲ್ಲೋದಲ್ಲಿ ಕೆಳಗಿನ ಪಿಸ್ಟನ್ ಮೇಲೆ ರಬ್ಬರ್ ಮಡಚಿಕೊಂಡು ಉರುಳುತ್ತದೆಯಲ್ಲ, ಆ ಪಿಸ್ಟನ್ ನೆಟ್ಟಗಿದ್ದರೆ ಈ ಪದ ಸೊನ್ನೆಯ ಹತ್ತಿರ. ಕೆಳಗೆ ಹೋದಂತೆ ದಪ್ಪವಾಗಿದ್ದರೆ ಬಿಗಿತ ಹೆಚ್ಚುತ್ತದೆ, ಸೊಂಟ ಸಣ್ಣದಾದರೆ ಕಡಿಮೆಯಾಗುತ್ತದೆ. ತಯಾರಕರು ಪಿಸ್ಟನ್ನನ್ನು ಬೇಕೆಂದೇ ಹಾಗೆ ಕಡೆಯುತ್ತಾರೆ. ನೀವು ಸ್ಥಿರ ವಿಸ್ತೀರ್ಣ ಇಟ್ಟುಕೊಂಡರೆ ಆ ಕುಶಲತೆಯೆಲ್ಲ ನಿಮ್ಮ ಮಾದರಿಯ ಹೊರಗೇ ಉಳಿಯುತ್ತದೆ. ಬೇರೆ ಬೇರೆ ಎತ್ತರದಲ್ಲಿ ಭಾರವನ್ನೂ ಗೇಜ್ ಒತ್ತಡವನ್ನೂ ಬರೆದುಕೊಂಡು ಭಾಗಿಸಿ, ನಿಜವಾದ ವಿಸ್ತೀರ್ಣದ ರೇಖೆ ಸಿಗುತ್ತದೆ.

ಬೆಲ್ಲೋ ಆಕ್ಸಲ್‌ನ ನೇರ ಮೇಲಿದೆಯೋ, ತೋಳಿನ ತುದಿಯಲ್ಲಿದೆಯೋ ಅದನ್ನೂ ನೋಡಿಕೊಳ್ಳಿ. ತುದಿಯಲ್ಲಿದ್ದರೆ ಚಕ್ರಕ್ಕಿಂತ ಬೆಲ್ಲೋ ಹೆಚ್ಚು ಚಲಿಸುತ್ತದೆ, ಆ ಅನುಪಾತದ ವರ್ಗ ಬಿಗಿತಕ್ಕೆ ಗುಣವಾಗುತ್ತದೆ.

ಹೊಸಹಾದಿ | ಮಂಗಳವಾರ, ಬೆಳಗ್ಗೆ 8.15

ರಾತ್ರಿಯೇ ತಿದ್ದಿದೆ. 1.14 ಮತ್ತು 1.20 ಬಂತು. ಎರಡು ತಿಂಗಳಿನಿಂದ ಈ ಒಂದು ಸಾಲಿನ ತಪ್ಪಿನ ಮೇಲೆ ಮಾದರಿ ಕಟ್ಟುತ್ತಿದ್ದೆ. ಕಡಲತಡಿಯವರೇ, ಅಷ್ಟು ಬಿಡಿಸಿ ಹೇಳಿದ್ದಕ್ಕೆ ಹೃತ್ಪೂರ್ವಕ ಧನ್ಯವಾದ.

ಹುಬ್ಬಳ್ಳಿಯ ಎತ್ತರಕ್ಕೆ ವಾತಾವರಣ 100 ಅಲ್ಲ, ಇನ್ನೂ ಕಡಿಮೆ ತಾನೆ? ಅದರಿಂದ ಎಷ್ಟು ವ್ಯತ್ಯಾಸ?

ಕಡಲತಡಿ | ಮಂಗಳವಾರ, ಬೆಳಗ್ಗೆ 9.05

ಫ್ರೀಕ್ವೆನ್ಸಿಗೆ ಅತ್ಯಲ್ಪ. ಮಂಗಳೂರಿನಲ್ಲಿ ಸುಮಾರು 101, ಬೆಂಗಳೂರಿನಲ್ಲಿ ಸುಮಾರು 91 ಕಿಲೋಪಾಸ್ಕಲ್. ತುಂಬಿದ ಬಸ್ಸಿನ ಬಿಗಿತ 2 ಶೇಕಡಾದಷ್ಟೂ ಬದಲಾಗದು, ಫ್ರೀಕ್ವೆನ್ಸಿ ಅದರ ಅರ್ಧ. ಕಂಪ್ರೆಸರ್ ಮಾದರಿ ಮಾಡುವಾಗ ಮಾತ್ರ ಮರೆಯಬೇಡಿ. ಬೆಂಗಳೂರಿನಲ್ಲಿ ಅದೇ ಕಂಪ್ರೆಸರ್ ಒಂದು ಸುತ್ತಿಗೆ ಎಳೆದುಕೊಳ್ಳುವ ಗಾಳಿಯ ತೂಕ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಶಿರಾಡಿ ಘಾಟಿ ಹತ್ತುವ ಬಸ್ಸಿನಲ್ಲಿ ಹೊರಗಿನ ಒತ್ತಡ ಇಳಿದಂತೆ ಬೆಲ್ಲೋ ಒಳಗಿನ ಗಾಳಿ ಹಿಗ್ಗುತ್ತದೆ, ಬಾಡಿ ಅಷ್ಟು ಮೇಲೆದ್ದು ಲೆವೆಲಿಂಗ್ ವಾಲ್ವ್ ಒಂದಿಷ್ಟು ಗಾಳಿ ಬಿಡುತ್ತದೆ.

ಗ್ಯಾರೇಜ್‌ಗೆಳೆಯ | ಮಂಗಳವಾರ, ಮಧ್ಯಾಹ್ನ 1.30

ನಮಸ್ಕಾರ್ರಿ. ನಾ ಇಪ್ಪತ್ತೆರಡು ವರ್ಷದಿಂದ ಬಸ್ಸಿನ ಗಾಳಿ ಕೆಲಸಾ ಮಾಡಾಕತ್ತೀನಿ. ಸೂತ್ರದ ಮಾತು ನೀವು ಮಾಡ್ರಿ, ನಾ ಕಣ್ಣಿಲೆ ಕಂಡದ್ದು, ಕಿವಿಲೆ ಕೇಳಿದ್ದು ಹೇಳ್ತೀನಿ.

ಬಾಡಿ ತೂಗಾಡ್ತದ ಅಂದ್ರಲ್ಲ, ನಿಮ್ಮ ಕಂಪ್ಯೂಟರ್ ಬಸ್ಸಿಗೆ ಶಾಕ್ ಅಬ್ಸಾರ್ಬರ್ ಎಷ್ಟು ಹಾಕೀರಿ? ಶಾಕ್ ಹೋದ ಬಸ್ಸು ಇದೇ ಥರಾ ಮಾಡ್ತದ. ನಿಂತಲ್ಲೇ ತಲೆ ಹಾಕ್ಕೋತ ಇರ್ತದ, ವಾಲ್ವು ಒಮ್ಮೆ ಒಳಗ ಎಳೀತದ, ಒಮ್ಮೆ ಹೊರಗ ಬಿಡ್ತದ. ಹೊಸಬರು ಬಂದ ಕೂಡಲೇ ವಾಲ್ವು ಬದಲಿ ಮಾಡ್ತಾರ. ವಾಲ್ವಿಂದ ಏನೂ ತಪ್ಪಿರಂಗಿಲ್ಲ. ಮೊದಲ ಶಾಕ್ ನೋಡಬೇಕು, ಆಮ್ಯಾಲ ವಾಲ್ವಿನ ಕಡ್ಡಿ ಬುಷ್ ಸಡಲ ಆಗೇತೇನು ನೋಡಬೇಕು.

ಇನ್ನೊಂದು ಮಾತು. ಬಸ್ಸಿಗೆ ಮಂದಿ ದಡದಡ ಹತ್ತಿ ತುಂಬಿದಾಗ ವಾಲ್ವು ಗಾಳಿ ತಗೊಂಡು ಸುಮ್ಮನಾಗ್ತದ. ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಸಣ್ಣಗ ಸುಸ್ಸ್ ಅಂತದ. ಯಾರೂ ಹತ್ತಿರಂಗಿಲ್ಲ, ಯಾರೂ ಇಳಿದಿರಂಗಿಲ್ಲ. ಸೋಪಿನ ನೀರು ಹಚ್ಚಿ ನೋಡಿದ್ರ ಲೀಕೂ ಇಲ್ಲ. ಈ ಎರಡನೇ ಸದ್ದು ಯಾಕ ಬರ್ತದ ಅಂತ ನನಗ ಭಾಳ ವರ್ಷದಿಂದ ತಿಳಕೋಬೇಕಾಗೇತಿ. ನಿಮ್ಮ ಮಾದರಿಯೊಳಗ ಅದು ಕೇಳಸ್ತದೇನು?

ಮಲೆನಾಡಮಳೆ | ಮಂಗಳವಾರ, ಸಂಜೆ 7.20

ಗ್ಯಾರೇಜ್‌ಗೆಳೆಯರೇ, ನೀವು ಕೇಳಿದ ಎರಡನೇ ಸದ್ದು ಈ ಇಡೀ ಚರ್ಚೆಯ ಅತ್ಯುತ್ತಮ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ತೂಗಾಟ.

ಲೆವೆಲಿಂಗ್ ವಾಲ್ವ್ ಎಂದರೆ ಎತ್ತರದ ವ್ಯತ್ಯಾಸವನ್ನು ಕೂಡಿಸುತ್ತಾ ಹೋಗುವ ನಿಯಂತ್ರಕ. ಬಾಡಿ 20 ಮಿಲಿಮೀಟರ್ ಕೆಳಗಿದೆ ಎಂದುಕೊಳ್ಳಿ, ಅದು ಕೆಳಗಿರುವಷ್ಟು ಹೊತ್ತೂ ಗಾಳಿ ಒಳಗೆ ಬರುತ್ತಲೇ ಇರುತ್ತದೆ, ಬಲ ಏರುತ್ತಲೇ ಇರುತ್ತದೆ. ಬಾಡಿ ಸರಿಯಾದ ಎತ್ತರ ದಾಟಿದ ಮೇಲೆಯೇ ಅದು ನಿಲ್ಲುವುದು. ಈ ವ್ಯವಸ್ಥೆ ಸ್ಥಿರವಾಗಿರಲು ಒಂದು ಷರತ್ತು ಇದೆ: ಡ್ಯಾಂಪಿಂಗ್ (ಕುಣಿತವನ್ನು ತಗ್ಗಿಸುವ ಪ್ರಮಾಣ) × ಬಿಗಿತ ÷ ದ್ರವ್ಯರಾಶಿ, ಇದು ವಾಲ್ವಿನ ಗೇನ್‌ಗಿಂತ ದೊಡ್ಡದಿರಬೇಕು. ಗೇನ್ ಎಂದರೆ ಒಂದು ಮೀಟರ್ ವ್ಯತ್ಯಾಸಕ್ಕೆ ಸೆಕೆಂಡಿಗೆ ಎಷ್ಟು ನ್ಯೂಟನ್ ಬಲ ಏರುತ್ತದೆ ಎಂಬುದು.

ಹೊಸಹಾದಿಯವರ ಸಂಖ್ಯೆಗಳನ್ನೇ ತೆಗೆದುಕೊಂಡೆ. 20 ಮಿಲಿಮೀಟರ್‌ಗೆ ವಾಲ್ವ್ ಸೆಕೆಂಡಿಗೆ 3,000 ನ್ಯೂಟನ್ ಏರಿಸುತ್ತದೆ ಎಂದಿಟ್ಟರೆ ಗೇನ್ 1.5 ಲಕ್ಷ. ಶಾಕ್ ಅಬ್ಸಾರ್ಬರ್ ಚೆನ್ನಾಗಿದ್ದು ಡ್ಯಾಂಪಿಂಗ್ ಅನುಪಾತ 0.2 ಇದ್ದರೆ ಎಡಗಡೆ 3.66 ಲಕ್ಷ, ಆರಾಮಾಗಿ ನಿಲ್ಲುತ್ತದೆ. ಶಾಕ್ ಸವೆದು ಅನುಪಾತ 0.05ಕ್ಕೆ ಇಳಿದರೆ ಎಡಗಡೆ 92 ಸಾವಿರ ಮಾತ್ರ. ತೂಗಾಟ ನಿಲ್ಲುವುದಿಲ್ಲ. ಗ್ಯಾರೇಜ್‌ಗೆಳೆಯರು ಇಪ್ಪತ್ತೆರಡು ವರ್ಷದಿಂದ ನೋಡುತ್ತಿರುವುದು ಇದೇ ಷರತ್ತನ್ನು.

ಹೊಸಹಾದಿಯವರೇ, ನಿಮ್ಮ ಡ್ಯಾಂಪಿಂಗ್ ಎಷ್ಟಿದೆ?

ಹೊಸಹಾದಿ | ಮಂಗಳವಾರ, ರಾತ್ರಿ 8.10

0.04. ಗಾಳಿಯೇ ಡ್ಯಾಂಪ್ ಮಾಡುತ್ತದೆ ಎಂದುಕೊಂಡು ಶಾಕ್ ಅಬ್ಸಾರ್ಬರ್‌ಗೆ ತೀರಾ ಸಣ್ಣ ಸಂಖ್ಯೆ ಕೊಟ್ಟಿದ್ದೆ.

ಹಳಿಮೇಲೆ | ಮಂಗಳವಾರ, ರಾತ್ರಿ 9.30

ಮೆಟ್ರೋ ಬೋಗಿಗಳ ಸಸ್ಪೆನ್ಷನ್ ಮೇಲೆ ಕೆಲಸ ಮಾಡುವವನು, ಬೆಂಗಳೂರಿನಿಂದ. ಮುಚ್ಚಿದ ಬೆಲ್ಲೋ ಒಂದರಲ್ಲಿ ಗಾಳಿ ಕೊಡುವ ಡ್ಯಾಂಪಿಂಗ್ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯಿಂದ ಡ್ಯಾಂಪಿಂಗ್ ಬೇಕೆಂದರೆ ಅದನ್ನು ಒಂದು ಕಿರಿದಾದ ರಂಧ್ರದ ಮೂಲಕ ಇನ್ನೊಂದು ಟ್ಯಾಂಕಿಗೆ ಓಡಿಸಬೇಕು. ರೈಲಿನಲ್ಲಿ ನಾವು ಮಾಡುವುದು ಹಾಗೇ. ಬಾಡಿಗೂ ಬೋಗಿಗೂ (ಚಕ್ರಗಳಿರುವ ಕೆಳಗಿನ ಚೌಕಟ್ಟು) ನಡುವೆ ಏರ್ ಸ್ಪ್ರಿಂಗ್, ಅದಕ್ಕೊಂದು ಹೆಚ್ಚುವರಿ ಟ್ಯಾಂಕ್, ನಡುವೆ ಆರಿಫಿಸ್. ರಂಧ್ರ ತೀರಾ ಚಿಕ್ಕದಾದರೆ ಟ್ಯಾಂಕ್ ಇಲ್ಲದಂತೆಯೇ, ಸ್ಪ್ರಿಂಗ್ ಬಿಗಿಯಾಗುತ್ತದೆ. ತೀರಾ ದೊಡ್ಡದಾದರೆ ಎರಡೂ ಸೇರಿ ಒಂದೇ ದೊಡ್ಡ ಗಾತ್ರ, ಸ್ಪ್ರಿಂಗ್ ಮೃದುವಾಗುತ್ತದೆ. ಎರಡರಲ್ಲೂ ಡ್ಯಾಂಪಿಂಗ್ ಇಲ್ಲ. ಇವೆರಡರ ನಡುವೆ ಎಲ್ಲೋ ಒಂದು ವ್ಯಾಸದಲ್ಲಿ ಅದು ಗರಿಷ್ಠವಾಗುತ್ತದೆ. ಸಿಮ್ಯುಲೇಷನ್ ಇಲ್ಲದೆ ಅದನ್ನು ಹುಡುಕಲು ರಂಧ್ರದ ಮೇಲೆ ರಂಧ್ರ ಕೊರೆಯುತ್ತಾ ಕೂರಬೇಕಿತ್ತು.

ಈ ವಿಷಯದಲ್ಲಿ ಸ್ವೀಡನ್ನಿನ ಮ್ಯಾಟ್ಸ್ ಬರ್ಗ್ ಅವರು 1999ರಲ್ಲಿ ಪ್ರಕಟಿಸಿದ ಮಾದರಿಯನ್ನು ನೋಡಿ. ಬಲವನ್ನು ಸ್ಥಿತಿಸ್ಥಾಪಕ, ಘರ್ಷಣೆ, ಸ್ನಿಗ್ಧ ಎಂದು ಮೂರು ಭಾಗ ಮಾಡಿ ಕೂಡಿಸುತ್ತದೆ, ಪೈಪಿನಲ್ಲಿ ಓಡಾಡುವ ಗಾಳಿಗೂ ತೂಕವಿದೆ ಎಂಬುದನ್ನು ಬಿಡುವುದಿಲ್ಲ. ಘರ್ಷಣೆಯ ಭಾಗ ಬಸ್ಸಿಗೂ ಬೇಕು. ಬೆಲ್ಲೋ ರಬ್ಬರಿನ ಒಳಗೆ ನೈಲಾನ್ ಹುರಿಯ ಪದರಗಳಿವೆ, ಸಣ್ಣ ಚಲನೆಗೆ ಅದು ಹೆಚ್ಚು ಬಿಗಿಯಾಗಿ ಕಾಣುತ್ತದೆ. ನಿಮ್ಮ 1.24ಕ್ಕೂ 1.26ಕ್ಕೂ ನಡುವಿನ ಅಂತರ ಅಲ್ಲಿರಬಹುದು.

ನುಡಿಗಟ್ಟು | ಬುಧವಾರ, ಬೆಳಗ್ಗೆ 7.00

ಇಷ್ಟೆಲ್ಲ ಕೈಯಿಂದ ಬರೆಯುವ ಬದಲು ಸಿದ್ಧ ಸಾಫ್ಟ್‌ವೇರ್ ಬಳಸಬಾರದೇ? ಏಮ್‌ಸಿಮ್, ಸಿಮ್‌ಸ್ಕೇಪ್ ಎಲ್ಲದರಲ್ಲೂ ನ್ಯೂಮ್ಯಾಟಿಕ್ ಬ್ಲಾಕ್‌ಗಳು ಸಿದ್ಧವಾಗಿ ಸಿಗುತ್ತವೆ. ಕಂಪನಿಗಳಲ್ಲಿ ಯಾರೂ ಪೈಥಾನ್‌ನಲ್ಲಿ ಬರೆಯುವುದಿಲ್ಲ.

ಕಡಲತಡಿ | ಬುಧವಾರ, ಬೆಳಗ್ಗೆ 9.40

ಲೈಸೆನ್ಸ್ ಇದ್ದರೆ ಬಳಸಲಿ, ತಪ್ಪಿಲ್ಲ. ಇಲ್ಲದವರಿಗೆ ಓಪನ್‌ಮಾಡೆಲಿಕಾ ಇದೆ, ಉಚಿತ. ಐಐಟಿ ಬಾಂಬೆಯ ಫಾಸೀ ಯೋಜನೆ ಅದಕ್ಕೆ ಪಾಠಗಳನ್ನೂ ಮಾಡಿಟ್ಟಿದೆ. ಆದರೆ ಒಮ್ಮೆಯಾದರೂ ಕೈಯಿಂದ ಬರೆಯಲೇಬೇಕು ಎನ್ನುವವನು ನಾನು. ಸಿದ್ಧ ಬ್ಲಾಕಿನಲ್ಲಿ ಗೇಜೋ ಆಬ್ಸಲ್ಯೂಟೋ ಎಂಬ ಪ್ರಶ್ನೆ ಹೊಸಹಾದಿಯವರಿಗೆ ಎದುರಾಗುತ್ತಲೇ ಇರಲಿಲ್ಲ. ನಾಳೆ ಇನ್ನೊಬ್ಬರ ಮಾದರಿಯಲ್ಲಿ ಅದೇ ತಪ್ಪಿದ್ದರೆ ಹಿಡಿಯಲೂ ಆಗುತ್ತಿರಲಿಲ್ಲ.

ಈಗ ತೆವಳುವ ಸಾಲ್ವರ್. ವಾಲ್ವಿನ ಹರಿವಿಗೆ ಐಎಸ್‌ಒ 6358ರ ಸೂತ್ರ ಹಾಕಿದ್ದೀರಿ ಎಂದು ಊಹಿಸುತ್ತೇನೆ: ಸೋನಿಕ್ ಕಂಡಕ್ಟೆನ್ಸ್ (ವಾಲ್ವ್ ಗರಿಷ್ಠ ಎಷ್ಟು ಗಾಳಿ ಬಿಡಬಲ್ಲದು) ಮತ್ತು ಕ್ರಿಟಿಕಲ್ ಒತ್ತಡ ಅನುಪಾತ. ಕೆಳಗಿನ ಒತ್ತಡ ಮೇಲಿನದರ ಒಂದು ಭಾಗಕ್ಕಿಂತ ಕಡಿಮೆಯಾದರೆ ಗಾಳಿ ಶಬ್ದದ ವೇಗ ತಲುಪಿ, ಹರಿವು ಇನ್ನು ಹೆಚ್ಚುವುದಿಲ್ಲ. ಆದರ್ಶ ನಾಜಲ್‌ಗೆ ಆ ಅನುಪಾತ 0.528, ನಿಜವಾದ ವಾಲ್ವುಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ನಿಮ್ಮ ತೊಂದರೆ ಇರುವುದು ಆ ತುದಿಯಲ್ಲಲ್ಲ, ಈ ತುದಿಯಲ್ಲಿ. ಎರಡೂ ಕಡೆಯ ಒತ್ತಡ ಸಮವಾಗುತ್ತಾ ಬಂದಾಗ ವರ್ಗಮೂಲದ ರೇಖೆ ಗೋಡೆಯಂತೆ ನೆಟ್ಟಗಾಗುತ್ತದೆ. ಇಳಿಜಾರು ಅನಂತ. ಒತ್ತಡದಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಹರಿವು ಜಿಗಿಯುತ್ತದೆ, ಸಾಲ್ವರ್ ಹೆಜ್ಜೆಯನ್ನು ಚಿಕ್ಕದು ಮಾಡುತ್ತಲೇ ಹೋಗುತ್ತದೆ.

ಮದ್ದು: ಒತ್ತಡ ಅನುಪಾತ 0.999 ದಾಟಿದ ಮೇಲೆ ವರ್ಗಮೂಲ ಬಿಟ್ಟು ನೇರ ಗೆರೆ ಹಾಕಿ. ಇದು ಬರೀ ಗಣಿತದ ಕಣ್ಕಟ್ಟಲ್ಲ, ಅಷ್ಟು ನಿಧಾನದ ಹರಿವು ನಿಜಕ್ಕೂ ಲ್ಯಾಮಿನಾರ್ ಆಗಿ ಒತ್ತಡದ ಅಂತರಕ್ಕೆ ನೇರ ಅನುಪಾತದಲ್ಲಿರುತ್ತದೆ. ಜತೆಗೆ ಪೈಥಾನಿನ ಸೈಪೈ ಲೈಬ್ರರಿಯಲ್ಲಿ ಡೀಫಾಲ್ಟ್ ಸಾಲ್ವರ್ ಬಿಟ್ಟು ರಡೌ ಅಥವಾ ಬಿಡಿಎಫ್ ವಿಧಾನ ಆರಿಸಿ. ವಾಲ್ವಿನ ಡೆಡ್‌ಬ್ಯಾಂಡ್ (ಎತ್ತರ ಬದಲಾದರೂ ವಾಲ್ವ್ ತೆರೆಯದ ಅಂತರ) ಅಂಚುಗಳನ್ನು ಈವೆಂಟ್ ಆಗಿ ಕೊಡಿ.

ಹೊಸಹಾದಿ | ಬುಧವಾರ, ರಾತ್ರಿ 11.50

ಅರ್ಧ ಗಂಟೆ ಇದ್ದದ್ದು ನಾಲ್ಕು ಸೆಕೆಂಡಿಗೆ ಬಂತು! ಡ್ಯಾಂಪಿಂಗ್ 0.2 ಮಾಡಿದೆ, ತೂಗಾಟ ನಿಂತಿತು. ಮತ್ತೆ 0.05ಕ್ಕೆ ಇಳಿಸಿ ನೋಡಿದೆ, ಗ್ಯಾರೇಜ್‌ಗೆಳೆಯರು ಹೇಳಿದ ಹಾಗೆಯೇ ನಿಂತಲ್ಲೇ ತಲೆ ಹಾಕುತ್ತದೆ. ಆ ಗ್ರಾಫ್ ನೋಡುತ್ತಾ ಎಷ್ಟೋ ಹೊತ್ತು ಕೂತಿದ್ದೆ.

ಎರಡನೇ ಸದ್ದು ಮಾತ್ರ ನನ್ನ ಮಾದರಿಯಲ್ಲಿ ಕೇಳಿಸುತ್ತಿಲ್ಲ.

ಮಲೆನಾಡಮಳೆ | ಗುರುವಾರ, ಬೆಳಗ್ಗೆ 6.30

ಕೇಳಿಸುವುದಿಲ್ಲ, ಏಕೆಂದರೆ ನಿಮ್ಮ ಮಾದರಿಯಲ್ಲಿ ತಾಪಮಾನವೇ ಇಲ್ಲ. ಪಾಲಿಟ್ರಾಪಿಕ್ ಘಾತ ಎಂಬ ಒಂದೇ ಸಂಖ್ಯೆಯೊಳಗೆ ಶಾಖವನ್ನೆಲ್ಲ ಬಚ್ಚಿಟ್ಟಿದ್ದೀರಿ. ಒತ್ತಡದ ಜತೆ ತಾಪಮಾನವನ್ನೂ ಸ್ಟೇಟ್ (ಕಾಲದ ಜತೆ ಬದಲಾಗುವ ಚರ) ಮಾಡಿಕೊಳ್ಳಬೇಕು. ಒಳಬರುವ ಗಾಳಿ ತರುವ ಶಕ್ತಿ, ಬೆಲ್ಲೋ ಮಾಡುವ ಕೆಲಸ, ಗೋಡೆಯ ಮೂಲಕ ಹೋಗುವ ಶಾಖ, ಈ ಮೂರನ್ನೂ ಸಮೀಕರಣದಲ್ಲಿ ಬಿಡಿಬಿಡಿಯಾಗಿ ಬರೆಯಿರಿ.

ಈಗ ಎರಡನೇ ಸದ್ದು. ಮಂದಿ ಹತ್ತಿದಾಗ ವಾಲ್ವ್ ಹೊಸ ಗಾಳಿಯನ್ನು ಒಳಗೆ ತಳ್ಳುತ್ತದೆ, ಮೊದಲೇ ಇದ್ದ ಗಾಳಿ ಹಿಂಡಿಸಿಕೊಂಡು ಬಿಸಿಯಾಗುತ್ತದೆ. ಶಾಖ ಸ್ವಲ್ಪವೂ ಹೊರಹೋಗದಿದ್ದರೆ, ಆಬ್ಸಲ್ಯೂಟ್ 394ರಿಂದ 590ಕ್ಕೆ ತುಂಬಿದಾಗ ಒಳಗಿನ ಗಾಳಿ ಸುಮಾರು 30 ಡಿಗ್ರಿ ಬಿಸಿಯಾಗುತ್ತದೆ. ಅದು ಮೇಲ್ಮಿತಿ. ನಿಜದಲ್ಲಿ ಹತ್ತುವ ಹೊತ್ತಿಗೇ ಬಹುಪಾಲು ಶಾಖ ರಬ್ಬರಿಗೂ ಪಿಸ್ಟನ್ನಿಗೂ ಹೋಗಿರುತ್ತದೆ. ವಾಲ್ವ್ ಮುಚ್ಚುವಾಗ 5 ಡಿಗ್ರಿ ಮಾತ್ರ ಉಳಿದಿದೆ ಎನ್ನೋಣ. ಅದು ತಣಿದಾಗ, ಭಾರ ಅಷ್ಟೇ ಇರುವುದರಿಂದ ಒತ್ತಡ ಬದಲಾಗದು, ಗಾತ್ರ ಕುಗ್ಗುತ್ತದೆ: 15 ಲೀಟರ್‌ನಲ್ಲಿ ಕಾಲು ಲೀಟರ್. 0.05 ಚದರ ಮೀಟರ್‌ನಿಂದ ಭಾಗಿಸಿದರೆ ಬಾಡಿ 5 ಮಿಲಿಮೀಟರ್ ಇಳಿಯುತ್ತದೆ. ಲೆವೆಲಿಂಗ್ ವಾಲ್ವಿನ ಡೆಡ್‌ಬ್ಯಾಂಡ್ ದಾಟಲು ಅಷ್ಟು ಸಾಕಾಗಬಹುದು. ವಾಲ್ವ್ ಮತ್ತೆ ತೆರೆಯುತ್ತದೆ. ಸುಸ್ಸ್.

ಗ್ಯಾರೇಜ್‌ಗೆಳೆಯರೇ, ನಿಮಗೆ ಕೇಳಿಸಿದ್ದು ಗಾಳಿ ತಣಿಯುವ ಸದ್ದು ಎಂದು ನನ್ನ ನಂಬಿಕೆ.

ಗ್ಯಾರೇಜ್‌ಗೆಳೆಯ | ಗುರುವಾರ, ಮಧ್ಯಾಹ್ನ 2.15

ಓದಿ ಮೈ ಜುಮ್ ಅಂತು ನೋಡ್ರಿ. ಚಳಿಗಾಲದಾಗ ಬೆಳಗಿನ ಜಾವ ಆ ಸದ್ದು ಇನ್ನೂ ಚೊಲೋ ಕೇಳಸ್ತದ, ಸುತ್ತಲೂ ಗದ್ದಲ ಇರಂಗಿಲ್ಲ ಅದಕ್ಕ ಅಂತ ತಿಳಕೊಂಡಿದ್ದೆ.

ಒಂದು ಕಳಕಳಿ. ಅಳತೆ ಮಾಡಾಕ ಬರೋ ಹುಡುಗರಿಗೆ ಹೇಳ್ರಿ: ಬೆಲ್ಲೋ ಗಾಳಿ ನಂಬಿ ಬಸ್ಸಿನ ಕೆಳಗ ಹೋಗಬ್ಯಾಡ್ರಿ. ಗಾಳಿ ಹ್ವಾದ್ರ ಬಾಡಿ ಒಂದೇ ಏಟಿಗೆ ಕೂಡ್ತದ. ಪಿಟ್ ಇರಲಿ, ಇಲ್ಲಾಂದ್ರ ಚಾಸಿ ಕೆಳಗ ಕಬ್ಬಿಣದ ಸ್ಟ್ಯಾಂಡ್ ಇರಲಿ. ಇದು ಕಡ್ಡಾಯ.

ಹಳಿಮೇಲೆ | ಗುರುವಾರ, ಸಂಜೆ 6.40

ಗ್ಯಾರೇಜ್‌ಗೆಳೆಯರ ಎಚ್ಚರಿಕೆಯನ್ನು ಎಲ್ಲರೂ ಓದಲಿ.

ಹೊಸಹಾದಿಯವರಿಗೆ ಮುಂದಿನ ಹೆಜ್ಜೆಯಾಗಿ ಗಾಳಿಯ ಖರ್ಚನ್ನು ಲೆಕ್ಕ ಹಾಕಿ ಎನ್ನುತ್ತೇನೆ. ಡೆಡ್‌ಬ್ಯಾಂಡ್ ಕಿರಿದಾದರೆ ಪ್ರತಿ ಗುಂಡಿಗೂ ವಾಲ್ವ್ ಒಮ್ಮೆ ತುಂಬಿ ಒಮ್ಮೆ ಬಿಡುತ್ತದೆ, ಬಿಟ್ಟ ಗಾಳಿಯೆಲ್ಲ ದಂಡ. ಈಗ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಕಂಪ್ರೆಸರ್ ಓಡುವುದು ಬ್ಯಾಟರಿಯಿಂದ. ಒಂದು ಲೀಟರ್ ವಾತಾವರಣದ ಗಾಳಿಯನ್ನು 9 ಬಾರ್ ಆಬ್ಸಲ್ಯೂಟ್‌ಗೆ ಹಿಂಡಲು ಕಡಿಮೆಯೆಂದರೂ 220 ಜೌಲ್ ಬೇಕು. ನಿಮಿಷಕ್ಕೆ 20 ಲೀಟರ್ ಪೋಲಾದರೆ 73 ವ್ಯಾಟ್, ದಿನಕ್ಕೆ 16 ಗಂಟೆ ಓಡಿದರೆ ಒಂದು ಯೂನಿಟ್‌ಗಿಂತ ಹೆಚ್ಚು. ಕಂಪ್ರೆಸರಿನ ನಷ್ಟ ಸೇರಿಸಿದರೆ ಇನ್ನೂ ಮೇಲೆ. ಬ್ರೇಕ್ ಸರ್ಕ್ಯೂಟನ್ನೂ ಮಾದರಿಗೆ ತರುವುದಾದರೆ ನಡುವೆ ಪ್ರೊಟೆಕ್ಷನ್ ವಾಲ್ವ್ ಹಾಕುವುದನ್ನು ಮರೆಯಬೇಡಿ. ಬೆಲ್ಲೋ ಹರಿದರೂ ಬ್ರೇಕಿನ ಗಾಳಿ ಉಳಿಯುವುದು ಅದರಿಂದ.

ಹೊಸಹಾದಿ | ಶುಕ್ರವಾರ, ರಾತ್ರಿ 10.05

ತಾಪಮಾನ ಸೇರಿಸಿದೆ. ಶಾಖ ವಿನಿಮಯದ ಕಾಲಮಾನ 15 ಸೆಕೆಂಡ್, ಡೆಡ್‌ಬ್ಯಾಂಡ್ 4 ಮಿಲಿಮೀಟರ್ ಎಂದಿಟ್ಟು, ಪೂರ್ತಿ ಭಾರವನ್ನು 20 ಸೆಕೆಂಡಿನಲ್ಲಿ ಏರಿಸಿದೆ. ವಾಲ್ವ್ ಮುಚ್ಚಿತು. ಆಮೇಲೆ ತನ್ನಷ್ಟಕ್ಕೆ ಮತ್ತೆ ತೆರೆದು ಮುಚ್ಚಿತು. ಭಾರವನ್ನು ಮೂರು ನಿಮಿಷದಲ್ಲಿ ನಿಧಾನವಾಗಿ ಏರಿಸಿದರೆ ಎರಡನೇ ಸಲ ತೆರೆಯುವುದಿಲ್ಲ. ಗ್ಯಾರೇಜ್‌ಗೆಳೆಯರು "ದಡದಡ ಹತ್ತಿದಾಗ" ಎಂದು ಬರೆದದ್ದನ್ನು ಮತ್ತೆ ಹೋಗಿ ಓದಿದೆ.

15 ಸೆಕೆಂಡ್ ನನ್ನ ಊಹೆ, ಅಳೆಯಬೇಕು. ಬೆಲ್ಲೋ ಒಳಗೆ ಸಣ್ಣ ಥರ್ಮೋಕಪಲ್ ತಂತಿ ಇಳಿಸಲು ಸಾಧ್ಯವೇ? ರಬ್ಬರಿಗೆ ತೂತು ಮಾಡುವಂತಿಲ್ಲ.

ಗ್ಯಾರೇಜ್‌ಗೆಳೆಯ | ಶನಿವಾರ, ಬೆಳಗ್ಗೆ 7.45

ರಬ್ಬರ್ ಮುಟ್ಟಬ್ಯಾಡ್ರಿ. ಮ್ಯಾಲಿನ ಪ್ಲೇಟಿಗೆ ಗಾಳಿ ಪೈಪು ಬರೋ ಕಡೆ ಒಂದು ಟೀ ಫಿಟ್ಟಿಂಗ್ ಹಾಕೋಣ, ತಂತಿ ಅದರಾಗಿಂದ ಗ್ಲ್ಯಾಂಡ್ ಹಾಕಿ ಇಳಸೋಣ. ಆದ್ರ ತುದಿ ಪೈಪಿನ ಬಾಯಿ ಎದುರ ಬರಬಾರದು, ಹೊಸ ಗಾಳಿ ನೇರ ಬಡೀತದ, ತಪ್ಪು ತೋರಸ್ತದ. ಒಂದು ಗೇಣು ಒಳಗ ಬಗ್ಗಿಸಿ ಬಿಡಬೇಕು. ಐತವಾರ ನಮ್ಮ ಪರಿಚಯದವರ ಗ್ಯಾರೇಜಿನಾಗ ಪಿಟ್ ಖಾಲಿ ಇರ್ತದ, ಬಿಚ್ಚಿಟ್ಟ ಹಳೇ ಬೆಲ್ಲೋನೂ ಒಂದೈತಿ. ಮೊದಲ ಅದರ ಮ್ಯಾಲ ಹಾಕಿ ನೋಡೋಣ. ಒಂಬತ್ತಕ್ಕ ಬರ್ರಿ, ಸೋಪಿನ ನೀರು ನಾ ತರ್ತೀನಿ.